ತೂಕ ಇಳಿಸುವ ಸರ್ಜರಿ ಆದ ಮೇಲೆ: ತಿಳಿಸಾರಿನಿಂದ ತುತ್ತಿನವರೆಗೆ, ಹಂತ ಹಂತವಾಗಿ

"ಸ್ಲೀವ್ ಆಗಿ ಹದಿನೈದು ದಿನ ಆಯ್ತು, ಇಡ್ಲಿ ತಿನ್ನಬಹುದಾ?" "ಅನ್ನ ಯಾವಾಗಿಂದ?" "ಮುದ್ದೆ ಇನ್ನು ಮುಂದೆ ಇಲ್ವೇ ಇಲ್ವಾ?" ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಟ್ಟರೆ ಏನೋ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನನಗೂ ಸ್ಲೀವ್ (ಜಠರವನ್ನು ಕಿರಿದು ಮಾಡುವ ಸರ್ಜರಿ) ಆಗಿದೆ, ಮೂರು ವರ್ಷ ದಾಟಿತು. ಆದರೆ ನಾನು ಡಾಕ್ಟರ್ ಅಲ್ಲ. ನಿಮ್ಮ ಆಸ್ಪತ್ರೆಯ ಡಯಟೀಷಿಯನ್ ಕೊಟ್ಟ ಚಾರ್ಟಿಗೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಚಾರ್ಟನ್ನೇ ನಂಬಿ. ಒಂದೊಂದು ಆಸ್ಪತ್ರೆಯಲ್ಲಿ ದಿನಗಳ ಲೆಕ್ಕ ಸ್ವಲ್ಪ ಆಚೀಚೆ ಇರುತ್ತದೆ, ನಿಮ್ಮ ಹೊಟ್ಟೆಯೊಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ.

ಮೊದಲು, ಇಷ್ಟೊಂದು ಕಾಯಿಸುವುದು ಯಾಕೆ ಅಂತ ತಿಳಿದುಕೊಳ್ಳಿ. ಸ್ಲೀವ್ ಅಂದರೆ ಜಠರದ ಸುಮಾರು ಮುಕ್ಕಾಲು ಭಾಗ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ, ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಂತೆ ಮಾಡುವುದು. ಗ್ಯಾಸ್ಟ್ರಿಕ್ ಬೈಪಾಸ್ ಅಂದರೆ ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಉಳಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು. ಆ ಚೀಲದಲ್ಲಿ ಮೊದಮೊದಲು 30 ಮಿ.ಲೀ. ಹಿಡಿದರೆ ಹೆಚ್ಚು. ಎರಡರಲ್ಲೂ ಒಳಗೆ ಉದ್ದಕ್ಕೆ ಪಿನ್ನು ಹಾಕಿದ ಹೊಲಿಗೆ ಇರುತ್ತದೆ, ಸುತ್ತ ಬಾವು ಇರುತ್ತದೆ. ಹೊರಗಿನ ಗಾಯ ಹತ್ತೇ ದಿನದಲ್ಲಿ ಒಣಗಿ ನೀವು ಓಡಾಡುತ್ತಿರಬಹುದು, ಒಳಗಿನದಕ್ಕೆ ಇನ್ನೂ ವಾರಗಳು ಬೇಕು. ಗಟ್ಟಿ ತುತ್ತು ಬೇಗ ಇಳಿಸಿದರೆ ಅದು ಸಿಕ್ಕಿಕೊಳ್ಳುತ್ತದೆ, ವಾಂತಿಯಾಗುತ್ತದೆ, ಆ ಒತ್ತಡ ಬೀಳುವುದು ಹಸಿ ಹೊಲಿಗೆಯ ಮೇಲೆ.

ಮನೆಯಲ್ಲಿ ಏನೇನು ಇರಬೇಕು

ದೊಡ್ಡ ಖರ್ಚೇನಿಲ್ಲ. ಚಿಕ್ಕ ಜಾರ್ ಇರುವ ಮಿಕ್ಸಿ, ಸಣ್ಣ ಕಣ್ಣಿನ ಜಾಲರಿ ಅಥವಾ ತೆಳು ಹತ್ತಿ ಬಟ್ಟೆ, ಮಗುವಿಗೆ ತಿನ್ನಿಸುವ ಪುಟ್ಟ ಚಮಚ, ಉಪ್ಪಿನಕಾಯಿ ಹಾಕುವಂಥ ಸಣ್ಣ ಬಟ್ಟಲು, 30 ಮಿ.ಲೀ. ಗುರುತಿರುವ ಅಳತೆ ಲೋಟ, ಮೊಬೈಲಿನಲ್ಲಿ ಟೈಮರ್, ಒಂದು ನೋಟ್‌ಬುಕ್ಕು. ಪ್ರೋಟೀನ್ ಪೌಡರ್ ಯಾವುದು ಅಂತ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ ತಂದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಅಂಗಡಿಯವರು ಕೊಟ್ಟದ್ದನ್ನು ತಂದು, ಅದರ ಅರ್ಧಕ್ಕರ್ಧ ಸಕ್ಕರೆಯೇ ಅಂತ ಆಮೇಲೆ ಗೊತ್ತಾಗಿ ಪರದಾಡಿದವರು ಬೇಕಾದಷ್ಟು ಜನ ಇದ್ದಾರೆ. ಡಬ್ಬಿಯ ಹಿಂದೆ ಒಂದು ಸ್ಕೂಪಿಗೆ ಎಷ್ಟು ಗ್ರಾಂ ಪ್ರೋಟೀನ್ ಅಂತ ಬರೆದಿರುತ್ತದೆ. 20ಕ್ಕಿಂತ ಮೇಲಿದ್ದು, ಸಕ್ಕರೆ ಇಲ್ಲದಿದ್ದರೆ ಸರಿ.

ಹಂತ 1: ತಿಳಿ ದ್ರವ (ಮೊದಲ ಒಂದೆರಡು ದಿನ)

ಇದು ಹೆಚ್ಚಾಗಿ ಆಸ್ಪತ್ರೆಯಲ್ಲೇ ಮುಗಿಯುತ್ತದೆ. ಲೋಟದ ಆಚೆ ಬದಿ ಕಾಣುವಷ್ಟು ತಿಳಿಯಾಗಿರುವುದು ಮಾತ್ರ: ನೀರು, ಎಳನೀರು, ಸೋಸಿದ ತರಕಾರಿ ಸೂಪಿನ ತಿಳಿ, ಖಾರವಿಲ್ಲದ ತಿಳಿಸಾರು. ಎಳನೀರಿನ ಗಂಜಿ ಬೇಡ, ಅದು ಗಟ್ಟಿ ಆಹಾರವೇ. ಹತ್ತು ಹದಿನೈದು ನಿಮಿಷಕ್ಕೆ ಒಂದು ಸಲ 30 ಮಿ.ಲೀ., ಅದೂ ಗುಟುಕು ಗುಟುಕಾಗಿ. ಲೋಟ ಎತ್ತಿ ಗಟಗಟ ಕುಡಿಯುವ ಅಭ್ಯಾಸ ಇಲ್ಲಿಗೇ ಮುಗಿಯಿತು. ಸ್ಟ್ರಾ ಬೇಡ, ಸೋಡಾ ಬೇಡ. ಗಾಳಿ ಒಳಗೆ ಹೋದರೆ ಎದೆ ಹಿಡಿದಂತಾಗುತ್ತದೆ.

ಹಂತ 2: ಪೂರ್ಣ ದ್ರವ (ಸುಮಾರು ಎರಡು ವಾರದವರೆಗೆ)

ಈಗ ಹಾಲು, ತೆಳು ಮಜ್ಜಿಗೆ, ಬೇಳೆ ಕಟ್ಟು, ಸೋಸಿದ ಚಿಕನ್ ಸೂಪು, ತೆಳು ರಾಗಿ ಅಂಬಲಿ, ಪ್ರೋಟೀನ್ ಪೌಡರ್ ಎಲ್ಲ ಬರುತ್ತವೆ. ಒಂದು ಚೂರೂ ಇಲ್ಲದಂತೆ ಸೋಸಬೇಕು. ಸಾಸಿವೆ ಕಾಳೂ ಇರಬಾರದು. ಅದಕ್ಕೇ ಒಗ್ಗರಣೆ ಬಿಟ್ಟುಬಿಡಿ, ಚಿಟಿಕೆ ಇಂಗು, ಜೀರಿಗೆ ಪುಡಿ ಸಾಕು.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ, ಅದು ಗಂಜಿ. ಕಾಯಿಲೆ ಬಂದರೆ ಗಂಜಿ ಅನ್ನುವುದು ನಮ್ಮ ಮನೆಗಳ ಪದ್ಧತಿ, ಅಮ್ಮಂದಿರು ಪ್ರೀತಿಯಿಂದಲೇ ಕಾಯಿಸಿ ಕೊಡುತ್ತಾರೆ. ಆದರೆ ಅಕ್ಕಿ ಗಂಜಿಯಲ್ಲಿರುವುದು ಹೆಚ್ಚಾಗಿ ನೀರು ಮತ್ತು ಹಿಟ್ಟಿನ ಅಂಶ. ಇರುವ ಚೂರು ಜಾಗವನ್ನು ಅದೇ ತುಂಬಿಬಿಟ್ಟರೆ ಪ್ರೋಟೀನಿಗೆ ಜಾಗ ಎಲ್ಲಿದೆ? ರಾಗಿ ಅಂಬಲಿಯ ಕಥೆಯೂ ಸ್ವಲ್ಪ ಹಾಗೆಯೇ. ರಾಗಿ ಒಳ್ಳೆಯದು ಹೌದು, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ, ಆದರೆ ತೆಳು ಅಂಬಲಿಗೆ ನೀವು ಹಾಕುವ ಹಿಟ್ಟು ಒಂದು ಚಮಚ. ದಿನಕ್ಕೊಂದು ಸಲ ಬಾಯಿ ರುಚಿಗೆ ಕುಡಿಯಿರಿ, ಅದನ್ನೇ ಊಟ ಅಂದುಕೊಳ್ಳಬೇಡಿ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅನ್ನುವುದು ಸಾಮಾನ್ಯವಾಗಿ ಹೇಳುವ ಗುರಿ, ಕೆಲವರಿಗೆ 80ರವರೆಗೆ ಹೇಳುತ್ತಾರೆ. ಎರಡು ಸ್ಕೂಪ್ ಪೌಡರಿನಿಂದ 45 ಗ್ರಾಂ ಆಸುಪಾಸು, 300 ಮಿ.ಲೀ. ಹಾಲಿನಿಂದ 10 ಗ್ರಾಂ ಹತ್ತಿರ, ಉಳಿದದ್ದು ಬೇಳೆ ಕಟ್ಟು ಮತ್ತು ಸೂಪಿನಿಂದ. ಬರೀ ಮನೆ ಅಡುಗೆಯಿಂದಲೇ ಈ ಹಂತದಲ್ಲಿ 60 ಮುಟ್ಟುವುದು ತುಂಬಾ ಕಷ್ಟ, ಆದ್ದರಿಂದ "ಪೌಡರ್ ಎಲ್ಲ ಕೆಮಿಕಲ್ಲು" ಅನ್ನುವವರ ಮಾತು ಈಗ ಕೇಳಬೇಡಿ, ಪ್ಲೀಸ್. ಪ್ರೋಟೀನ್ ಕಡಿಮೆಯಾದರೆ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ಸುಸ್ತು, ಆಮೇಲೆ ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುವುದು, ಎಲ್ಲ ಜೋರಾಗುತ್ತದೆ. (ಕೂದಲು ಸ್ವಲ್ಪ ಮಟ್ಟಿಗೆ ಹೇಗಿದ್ದರೂ ಉದುರುತ್ತದೆ. ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಹೆದರಬೇಡಿ.)

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅಂದು ಭೇದಿಯಾಗುತ್ತಿದ್ದರೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗುತ್ತಿಲ್ಲ ಅಂತ ಇರಬಹುದು. ಸರ್ಜರಿ ಆದ ಮೇಲೆ ಹೊಸದಾಗಿ ಹೀಗಾಗುವುದುಂಟು. ಪೌಡರಿನಲ್ಲಿ 'ಐಸೊಲೇಟ್' ಅನ್ನುವ ಬಗೆಯಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಡಯಟೀಷಿಯನ್ ಹತ್ತಿರ ಅದನ್ನು ಕೇಳಿ. ಕಿಡ್ನಿ ತೊಂದರೆ ಇರುವವರು ಎಳನೀರು, ಪ್ರೋಟೀನ್ ಎರಡನ್ನೂ ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬೇಡಿ.

ಮುಂದಿನ ಹಂತಕ್ಕೆ ಹೋಗುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ದಿನಕ್ಕೆ ಎಲ್ಲ ಸೇರಿ ಒಂದೂವರೆ ಲೀಟರ್ ಆಸುಪಾಸು ದ್ರವ ಒಳಗೆ ಹೋಗುತ್ತಿದೆಯಾ? ವಾಂತಿ ಇಲ್ಲ ತಾನೇ? ಜ್ವರ ಇಲ್ಲ ತಾನೇ? ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ. ಚಾರ್ಟಿನಲ್ಲಿ ಹದಿನೈದನೇ ದಿನ ಅಂತ ಬರೆದಿದ್ದರೂ ಇವು ಸರಿಯಿಲ್ಲದಿದ್ದರೆ ಫೋನ್ ಮಾಡಿ ಕೇಳಿ, ನೀವೇ ಮುಂದೆ ಹೋಗಬೇಡಿ.

ಹಂತ 3: ಮಿಕ್ಸಿ ಹಂತ (ಸುಮಾರು 3 ಮತ್ತು 4ನೇ ವಾರ)

ಇದರ ಹದ ಹೇಗಿರಬೇಕು ಅಂದರೆ, ಆರೇಳು ತಿಂಗಳ ಮಗುವಿಗೆ ರಾಗಿ ಸರಿ ಮಾಡುತ್ತೇವಲ್ಲ, ಹಾಗೆ. ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ನಾಲಿಗೆಗೆ ಗಂಟು ಸಿಗಬಾರದು.

ಒಂದು ಹೊತ್ತಿಗೆ ಎರಡರಿಂದ ನಾಲ್ಕು ದೊಡ್ಡ ಚಮಚ, ಅಷ್ಟೇ. ದಿನಕ್ಕೆ ಐದಾರು ಸಲ. ತೊಗರಿಬೇಳೆ ಅಥವಾ ಹೆಸರುಬೇಳೆಯನ್ನು ಸೀಮೆಬದನೆ, ಸಿಹಿಗುಂಬಳ, ಸೋರೆಕಾಯಿ ಇಂಥದ್ದರ ಜೊತೆ ಮೆತ್ತಗೆ ಬೇಯಿಸಿ ರುಬ್ಬಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಗಟ್ಟಿ ಮೊಸರು ಸಿಗುತ್ತದೆ, ಅದರಲ್ಲಿ ಅಷ್ಟೇ ಜಾಗಕ್ಕೆ ಪ್ರೋಟೀನ್ ಜಾಸ್ತಿ. ಮೆತ್ತನೆ ಪನೀರನ್ನು ಹಾಲಿನ ಜೊತೆ ರುಬ್ಬಬಹುದು, 100 ಗ್ರಾಂ ಪನೀರಿಗೆ 18 ಗ್ರಾಂ ಆಸುಪಾಸು ಪ್ರೋಟೀನ್. ಮಾಂಸ ತಿನ್ನುವವರು ಚಿಕನ್ನನ್ನು ಅದರದ್ದೇ ಸೂಪಿನಲ್ಲಿ ನುಣ್ಣಗೆ ರುಬ್ಬಿ. ಕರಾವಳಿಯವರಿಗೆ ಅನುಕೂಲ ಇನ್ನೂ ಹೆಚ್ಚು, ಕಾಣೆ ಮೀನು ಬೇಯಿಸಿದರೆ ಬೆಣ್ಣೆಯ ಹಾಗೆ ಬಿಡಿಸಿಕೊಳ್ಳುತ್ತದೆ, ಮುಳ್ಳು ಮಾತ್ರ ಎರಡೆರಡು ಸಲ ನೋಡಿ ತೆಗೆಯಿರಿ. ಹೊಸ ಪದಾರ್ಥ ದಿನಕ್ಕೆ ಒಂದೇ. ಒಂದೇ ದಿನ ಮೂರು ಹೊಸದು ತಿಂದು ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ನೋಟ್‌ಬುಕ್ಕು ಇರುವುದು ಇದಕ್ಕೆ.

ಇಲ್ಲಿಂದ ಮುಂದೆ ನೀರು ಬೇರೆ, ಊಟ ಬೇರೆ. ತಿನ್ನುವುದಕ್ಕೆ ಅರ್ಧ ಗಂಟೆ ಮೊದಲು ಕುಡಿಯುವುದನ್ನು ನಿಲ್ಲಿಸಿ, ತಿಂದ ಅರ್ಧ ಗಂಟೆ ನಂತರ ಮತ್ತೆ ಶುರು ಮಾಡಿ. ಊಟದ ಜೊತೆ ನೀರು ಕುಡಿದರೆ ಜಾಗ ತುಂಬಿ ವಾಂತಿಯಾಗಬಹುದು. ಇಲ್ಲವೇ ತಿಂದದ್ದನ್ನು ಬೇಗ ಕೆಳಗೆ ತಳ್ಳಿ ಮತ್ತೆ ಹಸಿವಾಗಬಹುದು. ಊಟಕ್ಕೆ ಕೂತ ಕೂಡಲೇ ನೀರಿನ ಲೋಟ ಇಡುವುದು ನಮ್ಮ ಮನೆಗಳಲ್ಲಿ ಮರ್ಯಾದೆ, ಆದ್ದರಿಂದ ಕೈ ತಾನಾಗಿ ಅತ್ತ ಹೋಗುತ್ತದೆ. ಲೋಟವನ್ನೇ ಬೇರೆ ಕೋಣೆಯಲ್ಲಿಡಿ.

ಹಂತ 4: ಮೆತ್ತನೆ ಆಹಾರ (ಸುಮಾರು 5 ಮತ್ತು 6ನೇ ವಾರ)

ಪರೀಕ್ಷೆ ಸುಲಭ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿ. ಕಷ್ಟವಿಲ್ಲದೆ ನಜ್ಜಾದರೆ ತಿನ್ನಬಹುದು, ಇಲ್ಲದಿದ್ದರೆ ಇನ್ನೂ ಬೇಯಬೇಕು.

ಮೊಟ್ಟೆ ಬುರ್ಜಿ (ಒಂದು ಮೊಟ್ಟೆಗೆ 6 ಗ್ರಾಂ ಪ್ರೋಟೀನ್, ಮೊದಲ ದಿನ ಅರ್ಧ ಮೊಟ್ಟೆಗೇ ಹೊಟ್ಟೆ ತುಂಬುತ್ತದೆ), ಕೈಯಲ್ಲಿ ಪುಡಿ ಮಾಡಿದ ಪನೀರು, ಗಟ್ಟಿ ತೊವ್ವೆ, ಆವಿಯಲ್ಲಿ ಬೇಯಿಸಿದ ಮೀನು, ಗ್ರೇವಿಯಲ್ಲಿ ಬೆಂದ ಚಿಕನ್ ಖೀಮಾ. ಅವರೆಕಾಳಿನ ಕಾಲವಾಗಿದ್ದರೆ ಹಿತಕಿದಬೇಳೆ ಈ ಹಂತಕ್ಕೆ ಹೇಳಿ ಮಾಡಿಸಿದ ಹಾಗೆ, ಸಿಪ್ಪೆ ಆಗಲೇ ಹೋಗಿರುತ್ತದೆ, ಚೆನ್ನಾಗಿ ಬೇಯಿಸಿ ಖಾರ ಕಡಿಮೆ ಹಾಕಿದರೆ ಆಯಿತು. ಇಡ್ಲಿ? ಹೌದು, ಈಗ ಕೊಡಬಹುದು. ಆದರೆ ಕಾಲು ಇಡ್ಲಿ, ಗಟ್ಟಿ ತೊವ್ವೆಯ ಜೊತೆ, ಮೊದಲು ತೊವ್ವೆ ತಿಂದು ಆಮೇಲೆ ಇಡ್ಲಿ. ಸಾಂಬಾರಿನಲ್ಲಿ ಮುಳುಗಿಸಿ ಕುಡಿಯುವ ಹಾಗೆ ತಿನ್ನಬೇಡಿ.

ಇನ್ನು ಅಗಿಯುವುದು. ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ಕಡಲೆಬೀಜದಷ್ಟು ತುತ್ತು, ಇಪ್ಪತ್ತರಿಂದ ಮೂವತ್ತು ಸಲ ಅಗಿಯಬೇಕು, ಬಾಯಲ್ಲಿ ಅದು ನೀರಾಗಬೇಕು, ನುಂಗಿದ ಮೇಲೆ ಚಮಚ ಕೆಳಗಿಟ್ಟು ಒಂದು ನಿಮಿಷ ಸುಮ್ನೆ ಕೂತು ಆಮೇಲೆ ಇನ್ನೊಂದು. ಒಂದು ಪುಟ್ಟ ಬಟ್ಟಲು ಖಾಲಿಯಾಗಲು 20ರಿಂದ 30 ನಿಮಿಷ. ನಮಗೆ ಇದು ಯಾಕೆ ಕಷ್ಟ ಅಂದರೆ ನಮ್ಮ ಊಟದಲ್ಲಿ ನುಂಗುವುದೇ ಜಾಸ್ತಿ. ಸಾರನ್ನ, ಮೊಸರನ್ನ ಯಾರು ಅಗಿಯುತ್ತಾರೆ? ಮುದ್ದೆಯನ್ನಂತೂ ಅಗಿದರೆ ಪಕ್ಕದವರು ನಗುತ್ತಾರೆ, ಸಾರಿನಲ್ಲಿ ಅದ್ದಿ ಗುಳುಂ ಅಂತ ನುಂಗುವುದೇ ಅದರ ರೀತಿ. ಮೂವತ್ತು ನಲವತ್ತು ವರ್ಷದ ಆ ಅಭ್ಯಾಸ ಆರು ವಾರದಲ್ಲಿ ಬಿಡುವುದಿಲ್ಲ. ಟೈಮರ್ ಇಟ್ಟುಕೊಂಡೇ ತಿನ್ನಿ, ಟಿವಿ, ಮೊಬೈಲು ನೋಡುತ್ತಾ ತಿನ್ನಬೇಡಿ.

ಅನ್ನ, ಚಪಾತಿ, ಬ್ರೆಡ್ಡು ಈ ಹಂತದಲ್ಲಿ ಬೇಡವೇ ಬೇಡ. ಮೂರೂ ಎಂಜಲಿನ ಜೊತೆ ಸೇರಿ ಅಂಟು ಉಂಡೆಯಾಗುತ್ತವೆ, ಕಿರಿದಾದ ಕೊಳವೆಯಲ್ಲಿ ಅದು ಸಿಕ್ಕಿಕೊಂಡರೆ ಆಗುವ ಯಾತನೆ ಅನುಭವಿಸಿದವರಿಗೇ ಗೊತ್ತು.

ಸಿಕ್ಕಿಕೊಂಡಿತು ಅಂತ ಹೇಗೆ ತಿಳಿಯುವುದು? ಎದೆಯ ನಡುವೆ ಕಲ್ಲು ಇಟ್ಟ ಹಾಗೆ ಒತ್ತುತ್ತದೆ, ಬಾಯಿ ತುಂಬ ನೊರೆನೊರೆ ಎಂಜಲು ಬರುತ್ತದೆ. ತಿನ್ನುವುದನ್ನು ಕೂಡಲೇ ನಿಲ್ಲಿಸಿ. ಎದ್ದು ನಿಧಾನಕ್ಕೆ ಓಡಾಡಿ. ಗಂಟಲಲ್ಲಿ ಸಿಕ್ಕಿದ್ದಕ್ಕೆ ನೀರು ಕುಡಿಸುವ ಹಾಗೆ ಇದರ ಮೇಲೆ ನೀರು ಕುಡಿಯಬೇಡಿ, ನೀರಿಗೂ ದಾರಿ ಇರುವುದಿಲ್ಲ. ಹೆಚ್ಚಿನ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಇಲ್ಲವೇ ವಾಂತಿಯಾಗಿ ಹೋಗುತ್ತದೆ. ಆಮೇಲೆ ಒಂದು ದಿನ ದ್ರವಕ್ಕೇ ಮರಳಿ. ಕೆಲವು ಗಂಟೆ ಕಳೆದರೂ ಇಳಿಯದಿದ್ದರೆ, ಎಂಜಲೂ ನುಂಗಲು ಆಗದಿದ್ದರೆ ಆಸ್ಪತ್ರೆಗೆ ಹೊರಡಿ.

ಹಂತ 5: ಮಾಮೂಲಿ ಊಟ (ಸುಮಾರು ಎರಡು ತಿಂಗಳ ನಂತರ)

ಮಾಮೂಲಿ ಅಂದರೆ ಹಳೆಯ ಊಟ ಅಂತಲ್ಲ. ತಟ್ಟೆಯಲ್ಲಿ ಮೊದಲು ಪ್ರೋಟೀನ್ ಖಾಲಿಯಾಗಬೇಕು, ಆಮೇಲೆ ಬೆಂದ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ, ರೊಟ್ಟಿ, ಮುದ್ದೆ. ನಮ್ಮ ಕಡೆ ತಟ್ಟೆ ತುಂಬ ಅನ್ನ, ನೆಂಚಿಕೊಳ್ಳಲು ಪಲ್ಯ ಅಲ್ವಾ? ಅದನ್ನು ಪೂರ್ತಿ ತಿರುಗಿಸಬೇಕು: ತಟ್ಟೆ ತುಂಬ ಪಲ್ಯ, ಕಾಳು, ನೆಂಚಿಕೊಳ್ಳಲು ಎರಡು ಚಮಚ ಅನ್ನ.

ಮುದ್ದೆ ಕೇಳಿದವರಿಗೆ ಉತ್ತರ: ಡಯಟೀಷಿಯನ್ ಒಪ್ಪಿದ ಮೇಲೆ, ಮೆತ್ತಗೆ ತೊಳಸಿದ್ದು, ಅಡಿಕೆ ಗಾತ್ರದ ತುಂಡು, ಅಗಿದು ತಿನ್ನಬೇಕು. ನುಂಗಬಾರದು. ಅಗಿದು ತಿಂದರೆ ಅದು ಮುದ್ದೆಯೇ ಅಲ್ಲ ಅನ್ನಿಸಿದರೆ ಇನ್ನೂ ಸ್ವಲ್ಪ ತಿಂಗಳು ಮುಂದೂಡಿ. ಜೋಳದ ರೊಟ್ಟಿಯನ್ನು ಕಾಳಿನ ಪಲ್ಯದ ಜೊತೆ ಚೂರು ಚೂರು ಅಗಿದು ನೋಡಿ.

ಕೊನೆಗೆ ಬರಬೇಕಾದವು: ಒಣಗಿದ ಚಿಕನ್ ತುಂಡು, ಮಟನ್, ನಾರು ಜಾಸ್ತಿ ಇರುವ ಸೊಪ್ಪಿನ ದಂಟು, ನುಗ್ಗೆಕಾಯಿ (ಒಳಗಿನ ತಿರುಳು ಮಾತ್ರ ಕೆರೆದು ತಿನ್ನಿ), ಹಲಸಿನ ಹಣ್ಣು, ತೊಳೆಯ ಸಿಪ್ಪೆ ಬಿಡಿಸದ ಕಿತ್ತಳೆ, ಹಸಿ ಕೊಬ್ಬರಿ ಚೂರು, ಹಸಿ ಕೋಸಂಬರಿ.

ಹೊಟ್ಟೆ ತುಂಬಿದ ಸೂಚನೆಯೂ ಹಳೆಯದಲ್ಲ. ಒಂದು ಬಿಕ್ಕಳಿಕೆ, ಒಂದು ಸೀನು, ಮೂಗಲ್ಲಿ ನೀರು, ಎದೆಯ ಕೆಳಗೆ ಸಣ್ಣ ಒತ್ತಡ, ಒಬ್ಬೊಬ್ಬರಿಗೆ ಒಂದೊಂದು. ಅದು ಬಂದ ಮೇಲೆ ಇನ್ನೊಂದೇ ತುತ್ತು ಅಂದರೆ ಅದೇ ವಾಂತಿಯ ತುತ್ತು. ತಟ್ಟೆಯಲ್ಲಿ ಬಿಡಬಾರದು ಅಂತ ಕಲಿತು ಬೆಳೆದವರು ನಾವು, ಆದ್ದರಿಂದ ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೊಳ್ಳಿ.

ಎರಡು ಮೋಸಗಳು

ಮೊದಲನೆಯದು ಡಂಪಿಂಗ್. ಸಿಹಿ ತಿಂದಾಗ ಅದು ಒಮ್ಮೆಲೇ ಸಣ್ಣ ಕರುಳಿಗೆ ಸುರಿದು ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ ಆಗುವುದು. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ, ಆಗ ಸಕ್ಕರೆ ಮಟ್ಟ ಕುಸಿದು ಕೈ ನಡುಗಿ ತಲೆ ಸುತ್ತುತ್ತದೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಆಗಬಹುದು. ಪಾಯಸ, ಜಿಲೇಬಿ, ಕಬ್ಬಿನ ಹಾಲು, ಹಣ್ಣಿನ ಜ್ಯೂಸು ಇದಕ್ಕೆ ಸಾಮಾನ್ಯ ಕಾರಣ.

ಎರಡನೆಯದು ಸದ್ದಿಲ್ಲದೆ ಬರುವುದು. ಮಂಡಕ್ಕಿ, ಮಿಕ್ಸ್ಚರ್, ಚಿಪ್ಸ್, ಬಿಸ್ಕೆಟ್ಟು ಬಾಯಲ್ಲೇ ಕರಗಿ ಸಲೀಸಾಗಿ ಜಾರುತ್ತವೆ, ಸಿಕ್ಕಿಕೊಳ್ಳುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಚಿಕನ್ ತುಂಡು ಕಷ್ಟ ಕೊಟ್ಟು ಬಿಸ್ಕೆಟ್ಟು ಸುಖವಾಗಿ ಇಳಿದಾಗ "ನನಗೆ ಇದೇ ಸೆಟ್ ಆಗೋದು" ಅನ್ನಿಸುತ್ತದೆ. ತೂಕ ಇಳಿಯುವುದು ನಿಲ್ಲುವುದು ಎಷ್ಟೋ ಸಲ ಇಲ್ಲಿಂದಲೇ.

ಮಾತ್ರೆಗಳು

ವಿಟಮಿನ್ ಮಾತ್ರೆ ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಲಿ, ಕಾಫಿ, ಟೀ ಜೊತೆ ಕಬ್ಬಿಣ ನುಂಗಬೇಡಿ, ಅದು ದೇಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ದೊಡ್ಡ ಮಾತ್ರೆ ಪುಡಿ ಮಾಡುವ ಮೊದಲು ಕೇಳಿ, ನಿಧಾನಕ್ಕೆ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬಾರದು. ಶುಗರ್, ಬಿಪಿ ಇರುವವರ ಡೋಸ್ ಬಹಳ ಬೇಗ ಬದಲಾಗುತ್ತದೆ. ಊಟ ಇಷ್ಟು ಕಡಿಮೆಯಾದ ಮೇಲೂ ಹಳೆಯ ಇನ್ಸುಲಿನ್ ಡೋಸ್ ಮುಂದುವರಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ, ಬೈಪಾಸ್ ಆದವರಲ್ಲಂತೂ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು

ಜ್ವರ, ಸುಮ್ಮನೆ ಕೂತಿದ್ದರೂ ನಾಡಿ ನಿಮಿಷಕ್ಕೆ 120ರ ಮೇಲೆ ಓಡುವುದು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರು ಕಟ್ಟುವುದು: ಇವು ಹೊಲಿಗೆ ಸೋರುತ್ತಿರುವ ಸೂಚನೆ ಇರಬಹುದು. ಒಂದು ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಕಪ್ಪು ಮಲ, ರಕ್ತ ವಾಂತಿ ಕಂಡರೂ ಕೂಡಲೇ ಹೋಗಿ. ಇಡೀ ದಿನ ನೀರೂ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನಬೇಡಿ. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಿ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಗೊಂದಲ ಶುರುವಾಗಬಹುದು, ತಡವಾದರೆ ಮೆದುಳಿಗೆ ಉಳಿದುಹೋಗುವ ಹಾನಿ ಆಗಬಹುದು. ಗ್ಯಾಸ್ಟ್ರಿಕ್ ಇರಬೇಕು ಅಂತ ಬಂಧುಗಳು ಹೇಳಿದರೂ ಹೊರಡಿ. ಬೇರೆ ಆಸ್ಪತ್ರೆಗೆ ಹೋದರೆ ಬಾಗಿಲಲ್ಲೇ ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಆಗಿದೆ ಅಂತ ಹೇಳಿ, ಡಿಸ್ಚಾರ್ಜ್ ಕಾಗದದ ಫೋಟೋ ಮೊಬೈಲಿನಲ್ಲಿ ಇರಲಿ.

ಮನೆಯಲ್ಲಿ ಬಡಿಸುವವರಿಗೆ

ಅಮ್ಮ, ಅತ್ತೆ, ಹೆಂಡತಿ, ಗಂಡ, ಯಾರೇ ಇರಲಿ, ಈ ಭಾಗವನ್ನು ಅವರಿಗೆ ಓದಿ ಹೇಳಿ. ಎರಡು ಚಮಚ ತಿಂದು ಎದ್ದರೆ ಅದು ಮುನಿಸಲ್ಲ, ಅಡುಗೆ ಚೆನ್ನಾಗಿಲ್ಲ ಅಂತಲೂ ಅಲ್ಲ. "ಇನ್ನೊಂಚೂರು ಹಾಕಿಸ್ಕೋ" ಅನ್ನಬೇಡಿ. ಮೂರು ಹೊತ್ತಿನ ಊಟವನ್ನು ಆರು ಸಲ ಮಾಡಿ ಕೊಡಲು ಸಾಧ್ಯವಾದರೆ ಅದೇ ದೊಡ್ಡ ಸಹಾಯ. ಮದುವೆ ಮನೆಗೆ ಹೋಗಬೇಕಾದರೆ ಹೊರಡುವ ಮೊದಲು ಮನೆಯಲ್ಲೇ ಪ್ರೋಟೀನ್ ಮುಗಿಸಿಕೊಂಡು ಹೋಗಿ. ಪಂಕ್ತಿಯಲ್ಲಿ ಕೂತರೆ ತೊವ್ವೆ, ಪಲ್ಯ ಮಾತ್ರ ಬಡಿಸಿಕೊಳ್ಳಿ. ಸಾಲು ಏಳುವಷ್ಟರಲ್ಲಿ ಮುಗಿಸಬೇಕು ಅನ್ನುವ ಅವಸರವೇ ಅಲ್ಲಿನ ಅಪಾಯ, ಹಾಗಾಗಿ ಮೊದಲ ಆರು ತಿಂಗಳು ಅಕ್ಷತೆ ಹಾಕಿ ಬಂದುಬಿಡುವುದೇ ವಾಸಿ.

ರಕ್ತ ಪರೀಕ್ಷೆ ಸಾಮಾನ್ಯವಾಗಿ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ಹೋಗುವಾಗ ನೋಟ್‌ಬುಕ್ಕು ತೆಗೆದುಕೊಂಡು ಹೋಗಿ. ಯಾವುದು ಇಳಿಯಿತು, ಯಾವುದು ಇಳಿಯಲಿಲ್ಲ, ದಿನಕ್ಕೆ ಎಷ್ಟು ಪ್ರೋಟೀನ್ ಆಗುತ್ತಿದೆ ಅಂತ ಅದರಲ್ಲಿ ಇದ್ದರೆ ಡಯಟೀಷಿಯನ್ ನಿಮ್ಮ ಅಡುಗೆಮನೆಗೇ ಹೊಂದುವ ಚಾರ್ಟನ್ನು ಅಲ್ಲೇ ಕೂತು ಬರೆದುಕೊಡಬಹುದು.